ಆರ್ಡರ್ ಬಂತು, ರೊಕ್ಕ ಬರಲಿಲ್ಲ

ಬೆಳಗಾವಿಯ ಕೈಗಾರಿಕಾ ಪ್ರದೇಶ ಉದ್ಯಮಬಾಗದಲ್ಲಿ ಧಂದೆ ಹೇಗಿದೆ ಅಂತ ತಿಳಿಯಲು ಪೇಪರ್ ಓದಬೇಕಿಲ್ಲ. ಬೆಳಿಗ್ಗೆ ಹತ್ತೂವರೆಗೆ ಚಹಾ ಗಾಡಿ ಮುಂದೆ ಎಷ್ಟು ಜನ ನಿಂತಿದ್ದಾರೆ ಅಂತ ನೋಡಿದರೆ ಸಾಕು. 2020ರ ಜೂನ್‌ನಲ್ಲಿ ಅಲ್ಲಿ ನಾಲ್ಕು ಜನ ಇದ್ದರು. ದೀಪಾವಳಿ ಹೊತ್ತಿಗೆ ಗ್ಲಾಸಿಗೆ ಕಾಯಬೇಕಾಯಿತು. ನನಗೂ ಖುಷಿಯಾಯಿತು. ನಾನು ತಪ್ಪು ಮಾಡಿದ್ದು ಆ ಖುಷಿಯಲ್ಲೇ.

ಅಲ್ಲಿನ ಒಂದು ಸಣ್ಣ ಫೌಂಡ್ರಿಯಲ್ಲಿ, ಅಂದರೆ ಕಬ್ಬಿಣ ಎರಕದ ಶೆಡ್ಡಿನಲ್ಲಿ, ನಾನು ಅಕೌಂಟ್ಸ್ ನೋಡುವವನು. 35 ಜನ, ಕರೆಂಟಿನಿಂದ ಓಡುವ ಒಂದು ಇಂಡಕ್ಷನ್ ಫರ್ನೇಸ್. ಸ್ಕ್ರ್ಯಾಪ್, ಪಿಗ್ ಐರನ್ ಕರಗಿಸಿ, ಮರಳಿನ ಅಚ್ಚಿಗೆ ಸುರಿದು, ಫೆಟ್ಲಿಂಗ್ ಮಾಡಿ (ಅಂಚು ಉಜ್ಜಿ, ಸಾಫ್ ಮಾಡಿ) ಕಳಿಸುತ್ತೇವೆ. ಜಾಸ್ತಿ ಮಾಲು ಹೋಗುವುದು ಕೊಲ್ಹಾಪುರ, ಪುಣೆ ಕಡೆಗೆ. ಪುಣೆಯಲ್ಲಿ ಒಂದು ಅಸೆಂಬ್ಲಿ ಲೈನ್ ನಿಂತರೆ ವಾರದೊಳಗೆ ಇಲ್ಲಿ ಓವರ್‌ಟೈಮ್ ನಿಲ್ಲುತ್ತದೆ. ಹತ್ತರಗಿಯ ಏರೋಸ್ಪೇಸ್ ಪಾರ್ಕ್ ಸುದ್ದಿ ಪೇಪರಿನಲ್ಲಿ ಬರುತ್ತದೆ, ಬರಲಿ, ಊರಿಗೆ ಹೆಮ್ಮೆ. ನಮ್ಮಂಥ ಶೆಡ್ಡುಗಳು ಬದುಕುವುದು ಮಾತ್ರ ಲಾರಿ, ಟ್ರ್ಯಾಕ್ಟರ್, ಪಂಪು, ವಾಲ್ವುಗಳ ಮೇಲೆ.

ಕೊರೊನಾಗಿಂತ ಮುಂಚೆಯೇ ಹೊಡೆತ ಬಿದ್ದಿತ್ತು. 2019ರಲ್ಲೇ ವಾಹನ ಮಾರಾಟ ಕುಸಿದಿತ್ತು. 2020ರ ಏಪ್ರಿಲ್ 1ಕ್ಕೆ ವಾಹನದ ಹೊಗೆಯ ಹೊಸ ನಿಯಮ ಬಿಎಸ್-6 ಬರುವುದಿತ್ತಲ್ಲ, ಹಳೆ ಮಾಡೆಲ್‌ನ ಬಿಡಿಭಾಗಗಳನ್ನು ಯಾರೂ ಜಾಸ್ತಿ ತೆಗೆದಿಡುತ್ತಿರಲಿಲ್ಲ. ಅದರ ಮೇಲೆ ಮಾರ್ಚ್ ಕೊನೆಗೆ ಎಲ್ಲ ಬಂದ್. ಮೋಲ್ಡಿಂಗ್ ಹುಡುಗರು ಬಿಹಾರ, ಒಡಿಶಾ ದಾರಿ ಹಿಡಿದರು.

ಆದರೆ ಆ ಮೂರು-ನಾಲ್ಕು ತಿಂಗಳು ನಮಗೆ ರೊಕ್ಕದ ತ್ರಾಸ ಅಷ್ಟು ಆಗಲಿಲ್ಲ. ವಿಚಿತ್ರ ಅನಿಸಬಹುದು, ಆದರೂ ಖರೆ. ಫರ್ನೇಸ್ ಬಂದ್, ಸ್ಕ್ರ್ಯಾಪ್ ಖರೀದಿ ಬಂದ್. ಹಳೆ ಬಿಲ್ಲುಗಳು ಮಾತ್ರ ತಡವಾಗಿಯಾದರೂ ಒಂದೊಂದಾಗಿ ವಸೂಲಾಗುತ್ತಿದ್ದವು. ಆಗಸ್ಟ್‌ವರೆಗೆ ಸಾಲದ ಕಂತಿಗೂ ರಿಸರ್ವ್ ಬ್ಯಾಂಕ್ ವಾಯಿದೆ ಕೊಟ್ಟಿತ್ತು. ಧಂದೆ ನಿಂತಾಗ ಬ್ಯಾಂಕ್ ಖಾತೆ ಸ್ವಲ್ಪ ದಪ್ಪಗಾಗುತ್ತದೆ ಅನ್ನೋದು ಅಷ್ಟು ವರ್ಷ ಲೆಕ್ಕ ಬರೆದ ನನಗೇ ಹೊಳೆದಿರಲಿಲ್ಲ.

ಆಗ ಸರ್ಕಾರದ ತುರ್ತು ಸಾಲದ ಗ್ಯಾರಂಟಿ ಯೋಜನೆಯೂ ಬಂತು. 2020ರ ಫೆಬ್ರವರಿ 29ಕ್ಕೆ ನಿಮ್ಮ ಮೇಲೆ ಎಷ್ಟು ಸಾಲ ಇದೆಯೋ ಅದರ 20 ಶೇಕಡಾ ಹೊಸ ಸಾಲ, ಅಡಮಾನ ಬೇಡ, ಒಂದು ವರ್ಷ ಬಡ್ಡಿ ಕಟ್ಟಿದರೆ ಸಾಕು, ಅಸಲು ಮುಂದಿನ ಮೂರು ವರ್ಷದಲ್ಲಿ. ನಮ್ಮ ಸಿಸಿ ಖಾತೆಯಲ್ಲಿ (ಬೇಕಾದಾಗ ತೆಗೆದು, ಬಂದಾಗ ತುಂಬುವ ಬ್ಯಾಂಕ್ ಸಾಲ) 45 ಲಕ್ಷ ಬಾಕಿ ಇತ್ತು, 9 ಲಕ್ಷ ಸಿಕ್ಕಿತು. ಪಕ್ಕದ ಮಷಿನ್ ಶಾಪ್ ಕಾಕಾ ಜನ್ಮದಲ್ಲಿ ಬ್ಯಾಂಕ್ ಸಾಲ ಮಾಡಿದವರಲ್ಲ. ಅವರಿಗೆ ಏನೂ ಸಿಗಲಿಲ್ಲ. ಸೊನ್ನೆಯ 20 ಶೇಕಡಾ ಸೊನ್ನೆಯೇ ಅಲ್ವಾ? "ಸಾಲಾ ಮಾಡಿದಾವ್ನೇ ಶಾಣ್ಯಾ ಆದ ನೋಡ್ರಿ" ಅಂತ ಅವರು ಈಗಲೂ ನನ್ನನ್ನು ಕಾಡುತ್ತಾರೆ.

ಮೊದಲು ಎದ್ದಿದ್ದು ಟ್ರ್ಯಾಕ್ಟರ್. ಮಳೆ ಚೆನ್ನಾಗಿತ್ತು, ಹಳ್ಳಿಯಲ್ಲಿ ರೊಕ್ಕ ಓಡಾಡಿತು. ಲಾರಿ ಕಡೆ ಏಳಲು ಇನ್ನೂ ತಡವಾಯಿತು. ಹಾಗಿರುವಾಗ ನವೆಂಬರ್‌ನಲ್ಲಿ ಪುಣೆ ಕಡೆಯ ಒಂದು ಕಂಪನಿ ಫೋನ್ ಮಾಡಿತು. ಮೊದಲಿಗಿಂತ ದೊಡ್ಡ ಆರ್ಡರ್, ಪೇಮೆಂಟ್ 90 ದಿನ. ಮಾಲಕರು ನನ್ನ ಟೇಬಲ್ ಹತ್ತಿರ ಬಂದು ನಿಂತರು. "ಏನ್ ಮಾಡೂಣ್ರಿ?"

"ಬಂದ ಆರ್ಡರ್ ಬ್ಯಾಡ ಅನ್ನೂದೇನ್ರಿ ಸಾಹೇಬ್ರ, ತಗೊಳ್ರಿ" ಅಂದೆ. ಕ್ಯಾಲ್ಕುಲೇಟರ್ ಮುಟ್ಟಲೇ ಇಲ್ಲ.

ಆವತ್ತು ಮಾಡಬೇಕಿದ್ದ ಲೆಕ್ಕವನ್ನು ಈಗ ರೌಂಡ್ ಅಂಕಿಯಲ್ಲಿ ಹೇಳುತ್ತೇನೆ. ತಿಂಗಳಿಗೆ 20 ಲಕ್ಷದ ಮಾಲು, 90 ದಿನ ಉದ್ರಿ ಅಂದರೆ ಯಾವಾಗಲೂ 60 ಲಕ್ಷ ಗಿರಾಕಿಗಳ ಹತ್ತಿರ ಇರುತ್ತದೆ. ಮಾರಾಟ 30 ಲಕ್ಷಕ್ಕೆ ಏರಿದರೆ ಹೊರಗಿರುವ ರೊಕ್ಕ 90 ಲಕ್ಷ. ಆ ಜಾಸ್ತಿ 30 ಲಕ್ಷದಲ್ಲಿ ನಮ್ಮ ಲಾಭದ ಪಾಲು ಬಿಟ್ಟು ಉಳಿದದ್ದೆಲ್ಲ ನಾವು ಮೊದಲೇ ಕೈಯಿಂದ ಹಾಕಬೇಕು. ಸ್ಕ್ರ್ಯಾಪ್ ವ್ಯಾಪಾರಿ ಆಗ ಉದ್ರಿ ಕೊಡುತ್ತಿರಲಿಲ್ಲ, ರೊಕ್ಕ ಇಟ್ಟರೆ ಮಾಲು ಅನ್ನುತ್ತಿದ್ದ, ರೇಟು ವಾರವಾರ ಏರುತ್ತಿತ್ತು. ಕಂಪನಿಯವರು ನಮ್ಮ ಮಾಲಿನ ರೇಟು ಏರಿಸಿ ಅಮೆಂಡ್‌ಮೆಂಟ್ ಕೊಡುವುದು ಮೂರು ತಿಂಗಳಿಗೊಮ್ಮೆ. ಪಗಾರ ಶನಿವಾರ. ಜಿಎಸ್‌ಟಿ 18 ಶೇಕಡಾ, ಮುಂದಿನ ತಿಂಗಳ 20ನೇ ತಾರೀಖಿಗೆ ತುಂಬಬೇಕು, ಗಿರಾಕಿ ಕೊಟ್ಟಿರಲಿ ಬಿಡಲಿ. ಇನ್‌ಪುಟ್ ಕ್ರೆಡಿಟ್ (ಖರೀದಿ ಮೇಲೆ ನಾವು ಮೊದಲೇ ಕೊಟ್ಟ ತೆರಿಗೆ) ಕಳೆದರೂ ತಿಂಗಳಿಗೆ ಸುಮಾರು 2 ಲಕ್ಷ ಕೈಯಿಂದ ಹೋಗುತ್ತಿತ್ತು, ಇನ್ನೂ ಬಾರದ ರೊಕ್ಕದ ಮೇಲಿನ ತೆರಿಗೆಯಾಗಿ.

ಬ್ಯಾಂಕ್ ಇಲ್ಲವಾ ಅಂತ ಕೇಳಬಹುದು. ಸಣ್ಣ ಉದ್ಯಮಕ್ಕೆ ಮುಂದಿನ ವರ್ಷ ಅಂದಾಜು ಮಾಡಿದ ವಹಿವಾಟಿನ 20 ಶೇಕಡಾ ದುಡಿಯುವ ಬಂಡವಾಳವಾಗಿ ಕೊಡುವ ಪದ್ಧತಿ ಇದೆ. ಅಂದಾಜು ಅನ್ನೋದು ಕಾಗದದ ಮೇಲೆ, ಮ್ಯಾನೇಜರ್ ನೋಡುವುದು ಹಿಂದಿನ ವರ್ಷದ ಅಂಕಿ. ನಮ್ಮ ಹಿಂದಿನ ವರ್ಷ ಅಂದರೆ ಲಾಕ್‌ಡೌನ್ ವರ್ಷ. ಸಾಲದ ಲಿಮಿಟ್ ಏರಿಸಿ ಅಂತ ಹೋದರೆ ಇಳಿಸುವ ಮಾತು ಬಂತು. ಇನ್ನೊಂದು ಪೆಟ್ಟು ನನಗೆ ಬ್ಯಾಂಕಿಗೆ ಸ್ಟಾಕ್ ಸ್ಟೇಟ್‌ಮೆಂಟ್ (ಮಾಲು, ಬಾಕಿ ಬಿಲ್ಲುಗಳ ಪಟ್ಟಿ) ಕೊಡುವಾಗಲೇ ತಿಳಿದಿದ್ದು: 90 ದಿನ ದಾಟಿದ ಬಿಲ್ಲನ್ನು ನಮ್ಮ ಬ್ಯಾಂಕ್ ಡ್ರಾಯಿಂಗ್ ಪವರ್‌ಗೆ, ಅಂದರೆ ನಾವು ಎಷ್ಟು ತೆಗೆಯಬಹುದು ಅನ್ನುವ ಲೆಕ್ಕಕ್ಕೆ, ಹಿಡಿಯುವುದಿಲ್ಲ. ಗಿರಾಕಿ ತಡ ಮಾಡಿದರೆ ಅವನ ರೊಕ್ಕವೂ ಬರಲಿಲ್ಲ, ಬ್ಯಾಂಕಿನಿಂದ ತೆಗೆಯುವ ರೊಕ್ಕವೂ ಕಡಿಮೆಯಾಯಿತು.

ಜನವರಿ ಬಿಲ್ಲುಗಳು ಏಪ್ರಿಲ್‌ನಲ್ಲಿ ಬರಬೇಕಿತ್ತು. 2021ರ ಏಪ್ರಿಲ್ ಹೇಗಿತ್ತು ಅಂತ ಯಾರಿಗೆ ಹೇಳಬೇಕು? ಆಕ್ಸಿಜನ್ ಆಸ್ಪತ್ರೆಗೆ ಹೋಗಬೇಕಾಗಿ ನಮ್ಮ ಗ್ಯಾಸ್ ಕಟಿಂಗ್ ನಿಂತಿತು, ಅದಕ್ಕೆ ಯಾರೂ ಚಕಾರ ಎತ್ತಲಿಲ್ಲ. ಪುಣೆ ಕಂಪನಿಯ ಅಕೌಂಟ್ಸ್‌ನವರು ಫೋನ್ ಎತ್ತುವುದನ್ನೇ ಬಿಟ್ಟರು. ಮೇ ತಿಂಗಳ ಒಂದು ಶನಿವಾರ ಪಗಾರಕ್ಕೆ 1 ಲಕ್ಷ 20 ಸಾವಿರ ಬೇಕಿತ್ತು, ಖಾತೆಯಲ್ಲಿ 11 ಸಾವಿರ. ಪುಸ್ತಕದಲ್ಲಿ ನೋಡಿದರೆ ಆ ಮೂರು ತಿಂಗಳು ನಾವು ಕಂಪನಿಯ ಇತಿಹಾಸದಲ್ಲೇ ಜಾಸ್ತಿ ಮಾಲು ಮಾರಿದ್ದೆವು. ಮಾಲಕರು ಏನೂ ಮಾತಾಡದೆ ಮನೆಗೆ ಹೋಗಿ ಎರಡು ತಾಸಿನ ಮೇಲೆ ರೊಕ್ಕ ತಂದರು. ಎಲ್ಲಿಂದ ಅಂತ ನಾನು ಕೇಳಲಿಲ್ಲ. ಅಕ್ಟೋಬರ್‌ನಲ್ಲಿ ಖಂಡೇ ಪೂಜೆಗೆ (ಆಯುಧ ಪೂಜೆ) ಮಾಲಕರ ಹೆಂಡತಿ ಅಕ್ಕಾವ್ರು ಬಂದಾಗ ಕೈಯಲ್ಲಿ ಬಂಗಾರದ ಪಾಟ್ಲಿ ಇರಲಿಲ್ಲ, ಬರೀ ಗಾಜಿನ ಬಳೆ. ಆವತ್ತು ಪ್ರಸಾದ ಗಂಟಲಲ್ಲಿ ಇಳಿಯಲಿಲ್ಲ ನನಗೆ.

ಆಮೇಲೆ ಆರ್ಡರ್ ರಿಜಿಸ್ಟರ್ ಪಕ್ಕ ಇನ್ನೊಂದು ಪುಸ್ತಕ ಇಟ್ಟೆ. ಪ್ರತಿ ಆರ್ಡರ್‌ಗೂ ರೊಕ್ಕ ಯಾವ ತಾರೀಖಿಗೆ ಹೊರಗೆ ಹೋಗುತ್ತದೆ, ಯಾವ ತಾರೀಖಿಗೆ ಒಳಗೆ ಬರುತ್ತದೆ ಅಂತ ಬರೆಯುತ್ತೇನೆ, ಅದೂ ಗಿರಾಕಿ ಹೇಳಿದ ದಿನ ಅಲ್ಲ, ಅವನು ಹಿಂದೆ ನಿಜವಾಗಿ ಕೊಟ್ಟ ದಿನ ನೋಡಿ. ಪುಣೆಯ ಕೆಲಸ ಮೂರನೇ ಒಂದು ಪಾಲು ಬಿಟ್ಟೆವು. ಟ್ರ್ಯಾಕ್ಟರ್ ಕಡೆ ರೇಟು ಕಡಿಮೆ, ಆದರೆ 45 ದಿನಕ್ಕೆ ಬರುತ್ತದೆ, ಅದನ್ನು ಹಿಡಿದೆವು. ನಮ್ಮ ಜಿಲ್ಲೆಯಲ್ಲೇ 20ಕ್ಕೂ ಜಾಸ್ತಿ ಸಕ್ಕರೆ ಕಾರ್ಖಾನೆಗಳಿವೆ, ಕಬ್ಬು ನುರಿಸುವ ಹಂಗಾಮಿನ ಮುಂಚೆ ರಿಪೇರಿ ಮಾಲು ಬೇಕಾಗುತ್ತದೆ. ಅರ್ಧ ಅಡ್ವಾನ್ಸ್ ಇಲ್ಲದೆ ಪ್ಯಾಟರ್ನ್ (ಅಚ್ಚು ತೆಗೆಯುವ ಮಾದರಿ) ಮುಟ್ಟುವುದಿಲ್ಲ ಅಂದೆವು (ಸಕ್ಕರೆ ಕಾರ್ಖಾನೆಯ ಉದ್ರಿ ಗೊತ್ತಿದ್ದವರಿಗೆ ಯಾಕೆ ಅಂತ ಹೇಳಬೇಕಿಲ್ಲ). ಇದೆಲ್ಲ ಪುಕ್ಕಟೆ ಆಗಲಿಲ್ಲ. ಓವರ್‌ಟೈಮ್ ಕಡಿಮೆಯಾಯಿತು ಅಂತ ಇಬ್ಬರು ಒಳ್ಳೆ ಮೋಲ್ಡರ್‌ಗಳು ಬೇರೆ ಶೆಡ್ಡಿಗೆ ಹೋದರು.

ಕಾನೂನು ನಮ್ಮ ಕಡೆಗೇ ಇದೆ. ಸಣ್ಣ ಉದ್ಯಮಗಳಿಗಾಗಿ ಇರುವ 2006ರ ಎಂಎಸ್‌ಎಂಇ ಕಾಯ್ದೆ ಪ್ರಕಾರ 45 ದಿನ ದಾಟಿದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ ಕೊಡಬೇಕು. ಆದರೆ ಊಟ ಹಾಕುವ ಗಿರಾಕಿ ಮೇಲೆ ಯಾರು ದೂರು ಕೊಡುತ್ತಾರೆ? ಸ್ವಲ್ಪ ಬಿಸಿ ಮುಟ್ಟಿಸಿದ್ದು ಆದಾಯ ತೆರಿಗೆ ಕಾಯ್ದೆಯ 43ಬಿ(ಎಚ್) ಕಲಂ. 2023-24ರ ಲೆಕ್ಕದಿಂದ, ಸಣ್ಣವರಿಗೆ ಕೊಡಬೇಕಾದ, ವಾಯಿದೆ ದಾಟಿದ ಬಾಕಿಯನ್ನು ಮಾರ್ಚ್ ಕೊನೆಯೊಳಗೆ ಕೊಡದಿದ್ದರೆ ಆ ಖರ್ಚನ್ನು ಆ ವರ್ಷ ತೋರಿಸುವಂತಿಲ್ಲ. 2024ರ ಮಾರ್ಚ್ ಕೊನೆ ವಾರ ನಾನು ಕೇಳದೆಯೇ ರೊಕ್ಕ ಬಂದವು! ಜೊತೆಗೆ ಒಬ್ಬರು, ನಿಮ್ಮ ಉದ್ಯಮ್ ರಿಜಿಸ್ಟ್ರೇಶನ್ (ಸಣ್ಣ ಉದ್ಯಮ ಅನ್ನುವ ಸರ್ಕಾರಿ ನೋಂದಣಿ) ರದ್ದು ಮಾಡಿಸಿದರೆ ಆರ್ಡರ್ ಜಾಸ್ತಿ ಕೊಡುತ್ತೇವೆ ಅಂತಲೂ ಅಂದರು. ಮಾಲಕರು ನಕ್ಕು ಫೋನ್ ಇಟ್ಟರು.

ಬೆಳಗಾವಿ ಬೆಳೆಯಬೇಕು ಅಂದಾಗೆಲ್ಲ ಹೊಸ ಜಮೀನು, ಹೊಸ ಶೆಡ್ಡಿನ ಮಾತು ಬರುತ್ತದೆ. ಇರುವ ಶೆಡ್ಡುಗಳ ಬಿಲ್ಲು 45 ದಿನದಲ್ಲಿ ಬಂದರೆ ಅರ್ಧ ಕೆಲಸ ಅಲ್ಲೇ ಆಗುತ್ತದೆ ಅನ್ನೋದು ನನ್ನ ಲೆಕ್ಕ. ಪುಣೆ ಕಂಪನಿ ಇನ್ನೂ ನಮ್ಮ ಗಿರಾಕಿಯೇ. ಬ್ಲೋಹೋಲ್ (ಎರಕದಲ್ಲಿ ಗಾಳಿಯ ತೂತು) ಅಂತ ಎಂಟು ತಿಂಗಳ ಮೇಲೆ ಒಂದು ಡೆಬಿಟ್ ನೋಟ್, ಅಂದರೆ ರೊಕ್ಕ ಕಡಿತದ ಚೀಟಿ, ಕಳಿಸಿದ್ದಾರೆ, ರಿಜೆಕ್ಟ್ ಆದ ಪೀಸು ಮಾತ್ರ ವಾಪಸ್ ಬಂದಿಲ್ಲ. ಮಂಗಳವಾರ ಹೋಗಿ ಕೂರಬೇಕು.