ಗೇಟ್ ಹೋದ್ರ?

ಸೋಮವಾರ ನಮ್ಮ ಮೇಲಿನ ಮನೆ ಖಾಲಿಯಾಯಿತು. ಏರ್‌ಫೋರ್ಸ್‌ನವರು, ಎರಡೂವರೆ ವರ್ಷ ಇದ್ದರು. ಅಸ್ಸಾಂ ಕಡೆ ಪೋಸ್ಟಿಂಗ್ ಬಂತು. ಹೋಗುವಾಗ ಅಮ್ಮನಿಗೆ ತುಳಸಿ ಕುಂಡ ಕೊಟ್ಟರು, ತಾವು ಒಂದು ಬಿದರಿ ಹೂದಾನಿ ಪೇಪರಿನಲ್ಲಿ ಸುತ್ತಿಕೊಂಡು ಹೋದರು. ಬೀದರ್ ಬಿಡುವ ಏರ್‌ಫೋರ್ಸ್ ಮಂದಿಯ ಸಾಮಾನಿನಲ್ಲಿ ಒಂದಾದರೂ ಬಿದರಿ ಸಾಮಾನು ಇರದಿದ್ದರೆ ಅದು ಲಗೇಜೇ ಅಲ್ಲ.

ಬೇಜಾರಾಗಿದ್ದು ಅವರು ಹೋದದ್ದಕ್ಕಾ, ಬಾಡಿಗೆ ನಿಂತದ್ದಕ್ಕಾ? ಅದನ್ನೇ ಯೋಚಿಸುತ್ತಿದ್ದಾಗ ಮಂಗಳವಾರ ಅಕ್ಕನ ಮಗ ಬಂದ. ಜಪಾನಿನ ಓಕಿನಾವಾ ದ್ವೀಪದಲ್ಲಿ ಓದುತ್ತಿದ್ದಾನೆ. ಎರಡು ವರ್ಷ ಹೊರಗಿದ್ದು ಬಂದವರಿಗೆ ಊರಿನ ಪ್ರತಿ ಕಲ್ಲಿನ ಮೇಲೂ ಒಂದು ಅಭಿಪ್ರಾಯ ಇರುತ್ತದೆ. ಇವನಿಗಂತೂ ಎರಡೆರಡು. ಹೊಸ ಪ್ಯಾಂಟ್ ಉದ್ದ ಆಗಿದೆ ಅಂದ. ಚಿದ್ರಿ ರಸ್ತೆ ಕಡೆ, ಏರ್‌ಫೋರ್ಸ್ ನೆಲೆಯ ಗೇಟ್ ಹತ್ತಿರ ಇರುವ ಟೇಲರ್ ಚಾಚಾನ ಅಂಗಡಿಗೆ ಕರೆದುಕೊಂಡು ಹೋದೆ.

ಚಾಚಾನ ಬೋರ್ಡಿನಲ್ಲಿ ಹಿಂದಿ ದೊಡ್ಡದು, ಇಂಗ್ಲಿಷ್ ಅದಕ್ಕಿಂತ ದೊಡ್ಡದು, ಕನ್ನಡ ಕೆಳಗೆ ಮೂಲೆಯಲ್ಲಿ. ಕೆಲಸ ಬಹುತೇಕ ಯೂನಿಫಾರ್ಮ್ ಫಿಟಿಂಗ್, ಹೆಸರಿನ ಪಟ್ಟಿ, ತೋಳಿನ ಬಿಲ್ಲೆ. ಗಾಜಿನ ಡಬ್ಬಿಯೊಂದರಲ್ಲಿ ಬರೀ ನೀಲಿ ದಾರದ ರೀಲುಗಳು. ನನಗೆ ಎಲ್ಲಾ ಒಂದೇ ನೀಲಿ. ಅವರು ನೋಡದೇ ಕೈ ಹಾಕಿ ಬೇಕಾದ್ದನ್ನೇ ತೆಗೆಯುತ್ತಾರೆ. ಅವರ ಕ್ಯಾಲೆಂಡರೂ ವಿಮಾನದ್ದೇ. "ಕಿರಣ್ ಇದ್ದಾಗ ಅಂಗಡಿ ಹಾಕಿದ್ದು. ಹಾಕ್ ಬಂದ ವರ್ಷ ಮಗಳ ಶಾದಿ" ಅನ್ನುತ್ತಾರೆ. ಎರಡೂ ಹಾರಾಟ ಕಲಿಸುವ ಜೆಟ್ ವಿಮಾನಗಳು. ಹಾಕ್ ಬಂದದ್ದು 2008ರಲ್ಲಿ. ಮಗಳ ಮದುವೆಯ ಇಸವಿ ಕೇಳಿದರೆ ಮಾತ್ರ ಅವರಿಗೆ ನೆನಪಿಲ್ಲ.

ಅಳತೆ ತೆಗೆಯುವಾಗ ನೆತ್ತಿಯ ಮೇಲೆ ಎರಡು ಹಾಕ್ ಹೋದವು. ಚಾಚಾ ಅರ್ಧ ಮಾತಿಗೆ ನಿಂತರು. ಸಪ್ಪಳ ಇಳಿದ ಮೇಲೆ ಅದೇ ಶಬ್ದದಿಂದ ಮುಂದುವರಿಸಿದರು. ನಮ್ಮ ಓಣಿಯಲ್ಲಿ ಜಗಳ ಆಡುವವರೂ ಹಂಗೇ, ಬೈಗುಳದ ನಡುವೆ ಒಂದು ವಿಮಾನದಷ್ಟು ಬಿಡುವು ಕೊಡುತ್ತಾರೆ. ಅಳಿಯ ನಕ್ಕ. ಆಮೇಲೆ ಕೇಳಿದ,

"ಚಾಚಾ, ನಾಳೆ ಈ ಗೇಟ್ ಇಲ್ಲಿಂದ ಹೋದ್ರ ಏನ್ ಮಾಡ್ತೀರಿ?"

ಚಾಚಾ ಕೊರಳಲ್ಲಿದ್ದ ಟೇಪ್ ತೆಗೆದರು. ಕೈಗೆ ಸುತ್ತಿಕೊಂಡರು. ಮತ್ತೆ ಬಿಚ್ಚಿ ಕೊರಳಿಗೆ ಹಾಕಿಕೊಂಡರು.

"ಗೇಟ್ ಹೋದ್ರ ನಾನೂ ಹೋಗ್ತೀನಿ ಬೇಟಾ. ಚಿಂತಿ ಮಾಡಬ್ಯಾಡ, ನಿನ್ನ ಪ್ಯಾಂಟ್ ಮುಗಿಸೇ ಹೋಗ್ತೀನಿ."

ಅಂಗಡಿಯಲ್ಲಿದ್ದವರೆಲ್ಲ ನಕ್ಕರು. ನಾನೂ ನಕ್ಕೆ. ಆದರೆ ಆ ಟೇಪ್ ಸುತ್ತಿದ್ದು, ಬಿಚ್ಚಿದ್ದು ವಾರವಿಡೀ ಕಣ್ಣ ಮುಂದೆ ಬರುತ್ತಿದೆ. ಅಷ್ಟು ಹೊತ್ತು ಯಾಕೆ ಬೇಕಾಯಿತು ಅವರಿಗೆ?

ಬೈಕಿನಲ್ಲಿ ವಾಪಸ್ ಬರುವಾಗ ಅಳಿಯನನ್ನು ಬೈದೆ. ಕೇಳೋ ಮಾತಾ ಅದು? ಅವನು ಹಿಂದೆ ಕೂತೇ ಪಾಠ ಶುರು ಮಾಡಿದ. ಜಪಾನಿನ ನೆಲದಲ್ಲಿ ಓಕಿನಾವಾದ ಪಾಲು ಶೇ 0.6. ಆದರೆ ಜಪಾನಿನಲ್ಲಿ ಅಮೆರಿಕ ಸೇನೆಗೆಂದೇ ಬಿಟ್ಟ ಜಾಗದ ಸುಮಾರು ಶೇ 70 ಅಲ್ಲೇ ಇದೆ. ಕಡೇನಾ ಎಂಬ ದೊಡ್ಡ ವಿಮಾನ ನೆಲೆಯ ಎದುರು ಒಂದು ಕಟ್ಟಡದ ಮಾಳಿಗೆ ಮೇಲೆ ಜನ ನಿಂತು ಜೆಟ್ ನೋಡುತ್ತಾರಂತೆ, ಕೆಳಗೆ ನೇರಳೆ ಗೆಣಸಿನ ಐಸ್‌ಕ್ರೀಮ್ ಮಾರುತ್ತಾರಂತೆ. ಅದರ ಗೇಟಿನ ಮುಂದಿನ ಕೊಜಾ ಎಂಬ ಪೇಟೆಯಲ್ಲಿ ಟೇಲರ್ ಅಂಗಡಿಗಳಿವೆಯಂತೆ, ನಮ್ಮ ಭಾರತದವರವೇ! ವಿಯೆಟ್ನಾಂ ಯುದ್ಧದ ಕಾಲದಲ್ಲಿ ಆ ಬೀದಿಯಲ್ಲಿ ಡಾಲರ್ ಹೊಳೆ ಹರಿದಿತ್ತು. "ಚಾಚಾನ್ನ ನೋಡಿದ್ರ ಅದೇ ಬೀದಿ ಅನಿಸ್ತು ಮಾಮಾ. ಅದಕ್ಕೇ ಕೇಳ್ದೆ."

ಎರಡೂ ಒಂದೇ ಅಂತ ನಾನು ಒಪ್ಪುವುದಿಲ್ಲ. ಅಲ್ಲಿರುವುದು ಬೇರೆ ದೇಶದ ಸೇನೆ. 1950ರ ದಶಕದಲ್ಲಿ ಬಂದೂಕು ಹಿಡಿದು ನಿಂತು, ಹೊಲಗಳ ಮೇಲೆ ಬುಲ್ಡೋಜರ್ ಓಡಿಸಿ ಜಾಗ ತಗೊಂಡರು. ನಮ್ಮದು ನಮ್ಮ ಹುಡುಗರು ಹಾರಾಟ ಕಲಿಯುವ ಜಾಗ. ಆಕಾಶದಲ್ಲಿ ವಿಮಾನ ಕಸರತ್ತು ತೋರಿಸುವ ಸೂರ್ಯಕಿರಣ್ ತಂಡ ನಮ್ಮ ಊರಿನದು ಅಂತ ನಾವೇ ಎದೆ ಉಬ್ಬಿಸಿ ಹೇಳುತ್ತೇವೆ. ಆದರೆ ಬಾಡಿಗೆಯ ಮಾತಿಗೆ ಬಂದರೆ ನಾನು ಸ್ವಲ್ಪ ಮೆತ್ತಗಾದೆ. ಅಲ್ಲಿ ನೆಲೆಯೊಳಗಿನ ಜಮೀನಿಗೆ ವರ್ಷ ವರ್ಷ ಬಾಡಿಗೆ ಬರುತ್ತದೆ. ಕೊಡೋದು ಅಮೆರಿಕ ಅಲ್ಲ, ಜಪಾನ್ ಸರ್ಕಾರ. ಅಜ್ಜ ಅತ್ತುಕೊಂಡು ಕೊಟ್ಟ ಹೊಲವನ್ನು ಈಗ ವಾಪಸ್ ಕೊಡುತ್ತೇವೆ ಅಂದರೆ ಬೇಡ ಅನ್ನುವ ಮೊಮ್ಮಕ್ಕಳೂ ಇದ್ದಾರಂತೆ. ಬಾಡಿಗೆ ನಿಲ್ಲುತ್ತದಲ್ವಾ. ಅವರನ್ನು ಬೈಯಲು ನನಗೆ ಬಾಯಿ ಬರಲಿಲ್ಲ.

ರಾತ್ರಿ ಊಟಕ್ಕೆ ಕೂತಾಗ ಇನ್ನೊಂದು ಲೆಕ್ಕ ತೆಗೆದ. 1972ರಲ್ಲಿ ಓಕಿನಾವಾ ಅಮೆರಿಕದ ಕೈಯಿಂದ ಜಪಾನಿಗೆ ವಾಪಸ್ ಬಂದಾಗ ಅಲ್ಲಿನ ಆದಾಯದ ನೂರರಲ್ಲಿ 15 ಭಾಗ ನೆಲೆಗಳಿಂದ ಬರುತ್ತಿತ್ತು. ಈಗ 5–6. ಪ್ರವಾಸಿಗರು ಬಂದರು, ಬೇರೆ ದಂಧೆ ಬೆಳೆದವು. ನಾಹಾ ನಗರದಲ್ಲಿ ಅಮೆರಿಕನ್ನರ ವಸತಿ ಇದ್ದ ಒಂದು ಜಾಗ 1987ರಲ್ಲಿ ಪೂರ್ತಿ ವಾಪಸ್ ಸಿಕ್ಕಿತು. ಆಗ ಅಲ್ಲಿ ಕೆಲಸ ಇದ್ದದ್ದು 168 ಮಂದಿ ಸ್ಥಳೀಯರಿಗೆ. ಅಂಗಡಿ, ಆಫೀಸು, ಮನೆ ಎದ್ದ ಮೇಲೆ ಅದು 15,000 ದಾಟಿತು ಅಂತ ಅಲ್ಲಿನ ಸರ್ಕಾರವೇ ಲೆಕ್ಕ ಕೊಟ್ಟಿದೆ.

ನನ್ನ ಹೆಂಡತಿ ಇನ್ನೊಂದು ರೊಟ್ಟಿ ಹಾಕುತ್ತಾ, "ಅಲ್ಲಿ ಸಮುದ್ರ ಅದ. ಇಲ್ಲಿ ಯಾರ್ ಬರ್ತಾರ, ಬಿಸಿಲು ನೋಡಾಕ?" ಅಂದಳು. ಅಳಿಯನ ಬಾಯಿ ಮುಚ್ಚಿಸಿದ್ದು ಅವಳೊಬ್ಬಳೇ.

ಅವಳ ಮಾತು ನಿಜ. ಬೆಂಗಳೂರಿನವರ ಲೆಕ್ಕದಲ್ಲಿ ನಾವೂ ಒಂದು ದ್ವೀಪವೇ. ಒಂದು ಕಡೆ ತೆಲಂಗಾಣ, ಒಂದು ಕಡೆ ಮಹಾರಾಷ್ಟ್ರ, ರಾಜಧಾನಿ ಒಂದು ರಾತ್ರಿ ಪ್ರಯಾಣ. ನಮಗೆ ವಿಮಾನ ಅಂತ ಬಂದದ್ದೇ 2020ರ ಫೆಬ್ರವರಿಯಲ್ಲಿ, ಅದೂ ಏರ್‌ಫೋರ್ಸ್ ರನ್‌ವೇ ಮೇಲೆ. ಅಂಡಮಾನಿನ ಪೋರ್ಟ್ ಬ್ಲೇರ್‌ನಲ್ಲೂ (ಈಗ ಶ್ರೀ ವಿಜಯ ಪುರಂ) ಹಂಗೇ, ನೌಕಾಪಡೆಯ ರನ್‌ವೇ ಮೇಲೆ ಜನರ ವಿಮಾನ ಇಳಿಯೋದು. ಗೇಟ್ ಇಲ್ಲದಿದ್ದರೆ ಅದೂ ಇಲ್ಲ. ಗೇಟ್ ಇರುವುದಕ್ಕೇ ನಾನು ಎರಡನೇ ಮಹಡಿ ಕಟ್ಟಲು ಏರ್‌ಫೋರ್ಸ್‌ನವರ ಒಪ್ಪಿಗೆ ಪತ್ರಕ್ಕೆ, ಅಂದರೆ ಎನ್‌ಒಸಿಗಾಗಿ ಹನ್ನೊಂದು ತಿಂಗಳು ಅಲೆದಿದ್ದೂ ನಿಜ. ಎಷ್ಟು ಎತ್ತರ ಕಟ್ಟಬೇಕು ಅನ್ನೋದು ನಮ್ಮ ಕೈಯಲ್ಲಿಲ್ಲ. ಕಟ್ಟಿದ ಮೇಲೆ ಯಾರಿಗೆ ಕೊಡಬೇಕು ಅಂತ ಮಾತ್ರ ಯಾರೂ ಹೇಳಬೇಕಿರಲಿಲ್ಲ. ಸಂಬಳ ಒಂದನೇ ತಾರೀಕಿಗೆ, ಬಾಡಿಗೆ ಎರಡಕ್ಕೆ. ಮೂರು ವರ್ಷಕ್ಕೆ ತಾವಾಗಿಯೇ ಹೋಗುತ್ತಾರೆ, ಮನೆ ಬಿಡ್ರೀ ಅಂತ ಜಗಳ ಇಲ್ಲ. ಟೇಲರ್ ಚಾಚಾನಿಗೂ ನನಗೂ ಏನು ವ್ಯತ್ಯಾಸ? ಅವರ ಕೊರಳಲ್ಲಿ ಟೇಪ್ ಇದೆ, ಅಷ್ಟೇ.

ಶುಕ್ರವಾರ ಪ್ಯಾಂಟ್ ತರಲು ಒಬ್ಬನೇ ಹೋದೆ. ಅಳಿಯನ ಪರವಾಗಿ ಸಾರಿ ಹೇಳಿದೆ. ಚಾಚಾ ಕೈ ಬೀಸಿದರು. "ಹುಡುಗ ಸುಳ್ಳೇನ್ ಕೇಳ್ಯಾನ? ಲಾಕ್‌ಡೌನ್‌ನಾಗ ಒಳಗಿನವ್ರು ಹೊರಗ ಬರಂಗಿಲ್ಲ, ನಾವು ಹೊರಗಿನವ್ರು ಒಳಗ ಹೋಗಂಗಿಲ್ಲ. ಮೂರು ತಿಂಗಳು ಮಾಸ್ಕ್ ಹೊಲಿದು ಮಾರೀನಿ. ಆಗ ಒಮ್ಮೆ ನೋಡೇನ್ರೀ, ಗೇಟ್ ಹೋದ್ರ ಹೆಂಗಿರ್ತದ ಅಂತ." ಎಂಬತ್ತು ರೂಪಾಯಿ ತಗೊಂಡರು. ಇಪ್ಪತ್ತು ವಾಪಸ್ ಕೊಡುವಾಗ, ಮನೆ ಖಾಲಿ ಅದ ಅಂತಲ್ಲ, ಯಾರಾದ್ರೂ ಕೇಳಿದ್ರ ಕಳಸ್ತೀನಿ ಅಂದರು.

ಅವರು ಕಳಿಸುವ ಮೊದಲೇ ಇವತ್ತು ಬೆಳಿಗ್ಗೆ ಒಂದು ಫೋನ್ ಬಂತು. ಬ್ಯಾಂಕಿನವರು, ಹುಬ್ಬಳ್ಳಿಯಿಂದ ವರ್ಗವಾಗಿ ಬಂದಿದ್ದಾರೆ. ನೀರು ಕೇಳಿದರು, ಪಾರ್ಕಿಂಗ್ ಕೇಳಿದರು. ಕೊನೆಗೆ, "ಆ ಕಡೆ ವಿಮಾನದ ಸಪ್ಪಳ ಭಾಳ ಅಂತಾರಲ್ರೀ, ಹೌದೇನು?" ಅಂದರು.

ಇಷ್ಟು ವರ್ಷದಲ್ಲಿ ಯಾವ ಬಾಡಿಗೆದಾರರೂ ಈ ಪ್ರಶ್ನೆ ಕೇಳಿರಲಿಲ್ಲ. ಉತ್ತರ ಕೊಡಲು ಬಾಯಿ ತೆರೆದೆ. ಅಷ್ಟರಲ್ಲಿ ಮಾಳಿಗೆ ಮೇಲೆ ಒಂದು ಹೋಯಿತು. ನಾನು ಅಭ್ಯಾಸದಂತೆ ಸುಮ್ನೆ ನಿಂತೆ. ಆ ಕಡೆಯವರೂ ಸುಮ್ಮನಿದ್ದರು.