ಅಂಗಳದ ಅಡಿಯಲ್ಲಿ ಏನಿದೆ ಎಂದು ಕೇಳದೆ ಹೋದಾಗ

ನಮ್ಮ ಕಡೆ ತೋಟವೆಂದರೆ ಅಡಿಕೆ ತೋಟವೇ ಆದುದರಿಂದ, ಮನೆಯೆದುರು ಹುಲ್ಲು ಹಾಸಿ, ಹೂಗಿಡ ನೆಟ್ಟು, ನಡೆದಾಡಲು ಕಲ್ಲು ಜೋಡಿಸಿಕೊಡುವ ನನ್ನ ಉದ್ಯೋಗವನ್ನು ಕಾಸರಗೋಡು ಜಿಲ್ಲೆಯ ಬದಿಯಡ್ಕ, ಪೆರ್ಲ, ಮುಳ್ಳೇರಿಯ ಸುತ್ತಿನವರು ‘ಗಾರ್ಡನ್ ಕೆಲಸ’ ಎಂದೇ ಕರೆಯುತ್ತಾರೆ. ಹನ್ನೊಂದು ವರ್ಷಗಳ ಈ ಕೆಲಸದಲ್ಲಿ ಗಿಡ ಸತ್ತು ಆದ ನಷ್ಟಕ್ಕಿಂತ, ಮನೆಯನ್ನು ಸರಿಯಾಗಿ ಸಿದ್ಧಪಡಿಸಿಕೊಳ್ಳದೆ ಕೆಲಸಕ್ಕೆ ಇಳಿದು ಆದ ನಷ್ಟವೇ ನನ್ನ ಲೆಕ್ಕಪುಸ್ತಕದಲ್ಲಿ ಹೆಚ್ಚು.

ಅದರಲ್ಲಿ ದೊಡ್ಡದು ಪೆರ್ಲದಿಂದ ಒಳಗಿನ ಒಂದು ಮನೆಯದು. ಮಗ ಬೆಂಗಳೂರಿನಲ್ಲಿದ್ದರು; ಕಾರಂಜಿಯೂ ಸೇರಿದ ನಕ್ಷೆಯನ್ನು ಮೊಬೈಲಿಗೆ ಕಳುಹಿಸಿ, ಮುಂಗಡವನ್ನೂ ಹಾಕಿದ್ದರು. ಹಣ ಕೊಡುವವರ ಜೊತೆ ಮಾತಾಯಿತಲ್ಲ ಎಂಬ ಧೈರ್ಯದಲ್ಲಿ ಏಪ್ರಿಲ್ ತಿಂಗಳ ಒಂದು ಬೆಳಗ್ಗೆ ನಾನು ಜೆಸಿಬಿಯೊಂದಿಗೆ ಹೋದೆ. ಅಂಗಳದ ತುಂಬ ಅಡಿಕೆ ಹರಡಿತ್ತು. ಅಡಿಕೆ ಸರಿಯಾಗಿ ಒಣಗಲು ನಲವತ್ತು ದಿನಗಳ ಬಿಸಿಲು ಬೇಕು. ಅದನ್ನು ನಡುವೆ ರಾಶಿ ಹಾಕಿ ಮುಚ್ಚಿಟ್ಟರೆ ಬೂಸ್ಟು ಹಿಡಿಯುತ್ತದೆ ಎಂಬುದು ತಿಳಿಯದವನೇನೂ ನಾನಲ್ಲ. ಆದರೂ ಬಾಡಿಗೆಯ ಯಂತ್ರವನ್ನು ಸುಮ್ಮನೆ ನಿಲ್ಲಿಸಲು ಮನಸ್ಸಾಗದೆ, ದನದ ಹಟ್ಟಿಯ ಬದಿಯಿಂದ ಸುತ್ತಿ ಬರಲು ಚಾಲಕನಿಗೆ ಹೇಳಿದೆ. ಹಟ್ಟಿಯನ್ನು ದಾಟಿ ಹತ್ತು ಮಾರು ಹೋಗುವಷ್ಟರಲ್ಲಿ ಹಿಂದಿನ ಚಕ್ರ ನೆಲದೊಳಕ್ಕೆ ಇಳಿಯಿತು. ಅಡಿಯಲ್ಲಿ ಸುರಂಗವಿತ್ತು.

ಸುರಂಗವೆಂದರೆ ಗುಡ್ಡದ ಮುರಕಲ್ಲನ್ನು (ಜಂಬಿಟ್ಟಿಗೆಯನ್ನು) ಪಿಕ್ಕಾಸಿನಿಂದ ಅಡ್ಡಕ್ಕೆ ಕೊರೆದು, ಒಬ್ಬ ಮನುಷ್ಯ ಬಗ್ಗಿ ನಡೆಯುವಷ್ಟು ಜಾಗ ಮಾಡಿ, ಜಿನುಗುವ ನೀರನ್ನು ಪಂಪಿನ ಸಹಾಯವಿಲ್ಲದೆ ಹೊರಗಿನ ತೊಟ್ಟಿಗೆ ಹರಿಸುವ ವ್ಯವಸ್ಥೆ. ಕಾಸರಗೋಡಿನ ಉತ್ತರ ಭಾಗದಲ್ಲಿ ಇಂದಿಗೂ ಎಷ್ಟೋ ಮನೆಗಳ ಕುಡಿಯುವ ನೀರು ಅದರದ್ದೇ. ಅದಕ್ಕೆ ನಕ್ಷೆ ಇರುವುದಿಲ್ಲ, ಒಂದು ಸುರಂಗಕ್ಕೆ ಒಳಗೆ ಎರಡು ಮೂರು ಕವಲುಗಳಿರಬಹುದು. ಅವು ಎಲ್ಲಿವೆ ಎಂಬುದು ಮನೆಯ ಹಿರಿಯರ ನೆನಪಿನಲ್ಲಿ ಮಾತ್ರ ಇರುತ್ತದೆ. ಏಳು ಟನ್ನಿಗೂ ಹೆಚ್ಚು ತೂಗುವ ಯಂತ್ರದ ಅಡಿಯಲ್ಲಿ ಸುರಂಗದ ಮಾಡು (ಛಾವಣಿ) ಕುಸಿದು, ತೊಟ್ಟಿಗೆ ಕೆಂಪು ರಾಡಿ ಬರತೊಡಗಿತು. ಜಗಲಿಯಲ್ಲಿ ಕುಳಿತಿದ್ದ ಮನೆಯ ಯಜಮಾನರು ಸಿಟ್ಟು ಮಾಡಲಿಲ್ಲ. “ಕೇಳಿದ್ದರೆ ಹೇಳುತ್ತಿದ್ದೆನಲ್ಲ, ಅಲ್ಲಿ ಅಡಿಯಲ್ಲಿ ಸುರಂಗ ಉಂಟೂಂತ” ಎಂದಷ್ಟೇ ಹೇಳಿದರು. ಸಿಟ್ಟು ಮಾಡಿದ್ದರೆ ನನಗೆ ಅಷ್ಟು ಚುಚ್ಚುತ್ತಿರಲಿಲ್ಲ.

ಅಂದಿನಿಂದ ಎಸ್ಟಿಮೇಟು ಕೊಡುವ ಮೊದಲು ಮನೆಯಲ್ಲಿ ವಾಸವಾಗಿರುವವರೊಂದಿಗೆ ಒಮ್ಮೆ ಜಾಗ ಸುತ್ತುತ್ತೇನೆ. ಕೈಯಲ್ಲಿ ಸುಣ್ಣದ ಹುಡಿಯ ಚೀಲವಿರುತ್ತದೆ. ಬಾವಿಯಿಂದ ಬರುವ ಪೈಪು, ಬೋರ್‌ವೆಲ್ಲಿನ ಕೇಬಲ್, ಅರ್ತಿಂಗ್ ಗುಂಡಿ, ಸೆಪ್ಟಿಕ್ ಟ್ಯಾಂಕಿನ ಮುಚ್ಚಳ ಇವುಗಳನ್ನು ಅವರು ತೋರಿಸಿದ ಹಾಗೆ ನೆಲದ ಮೇಲೆ ಗೆರೆ ಎಳೆದು, ಫೋಟೊ ತೆಗೆದುಕೊಳ್ಳುತ್ತೇನೆ. ಪೈಪುಗಳ ವಿಷಯದಲ್ಲಿ ಯಜಮಾನರಿಗಿಂತ, ದಿನಾ ತೋಟಕ್ಕೆ ನೀರು ಬಿಡಲು ಗೇಟ್‌ವಾಲ್ವ್ ತಿರುಗಿಸುವ ಕೆಲಸದವರ ಮಾತೇ ಹೆಚ್ಚು ನಂಬಿಕೆಗೆ ಅರ್ಹ. ಅವರು ಕಾಲಿನಿಂದಲೇ ಜಾಗ ತೋರಿಸುತ್ತಾರೆ. ನಾಗಬನದ ಗಡಿಯನ್ನೂ ಆಗಲೇ ಕೇಳಿಕೊಳ್ಳುವುದು ಒಳ್ಳೆಯದು, ಏಕೆಂದರೆ ಅಲ್ಲಿ ಒಂದು ಕೊಂಬೆ ಕಡಿದರೂ ಕೆಲಸ ನಿಂತಂತೆಯೇ.

ಮನೆಯವರು ಮಾಡಿಕೊಳ್ಳಬೇಕಾದ ಸಿದ್ಧತೆಯಲ್ಲಿ ಮುಖ್ಯವಾದುದು ಕಾಲದ ನಿರ್ಣಯ. ಅಡಿಕೆ ಒಳಗೆ ಸೇರುವಾಗ ಮೇ ತಿಂಗಳಾಗುತ್ತದೆ, ಜೂನ್ ಮೊದಲ ವಾರದಲ್ಲಿ ಮಳೆ ಹಿಡಿಯುತ್ತದೆ. ನಡುವಿನ ಕೆಲವು ವಾರಗಳಲ್ಲಿ ಅಗೆದು ಸಡಿಲಿಸಿದ ಮಣ್ಣು, ವರ್ಷಕ್ಕೆ ಸುಮಾರು 3,500 ಮಿ.ಮೀ. ಮಳೆ ಬೀಳುವ ಈ ಜಿಲ್ಲೆಯಲ್ಲಿ, ಮನೆಯ ಮುಂದೆ ಉಳಿಯದೆ ಕೆಳಗಿನವರ ತೋಟದ ಕಣಿ (ನೀರು ಹರಿಯುವ ಕಾಲುವೆ) ಸೇರುತ್ತದೆ; ಆಮೇಲೆ ಜಗಳ. ಆದುದರಿಂದ ಮಳೆ ಇಳಿದು ನೆಲ ಇನ್ನೂ ಮೆತ್ತಗಿರುವ ಸೆಪ್ಟೆಂಬರ್ ಕೊನೆಯಿಂದ ಅಕ್ಟೋಬರ್ ತನಕದ ಸಮಯವನ್ನೇ ನಾನು ಸೂಚಿಸುತ್ತೇನೆ. ಅಡಿಕೆ ಅಂಗಳವನ್ನು ಮುಟ್ಟದೆ, ರಸ್ತೆಯ ಬದಿಯ ಜಾಗವನ್ನು ಗಾರ್ಡನ್ನಿಗೆ ಬಿಟ್ಟುಕೊಡಿ ಎಂದೂ ಹೇಳುತ್ತೇನೆ. ಫೋಟೊದಲ್ಲಿ ಚಂದ ಕಾಣುವ ಹುಲ್ಲಿನ ಮೇಲೆ ಅಡಿಕೆ ಒಣಗುವುದಿಲ್ಲ.

ಮಳೆಗಾಲದಲ್ಲಿ ಮಾಡಿನ ನೀರು ಎಲ್ಲಿ ಬಿದ್ದು ಎತ್ತ ಹರಿಯುತ್ತದೆ ಎಂಬುದನ್ನು ಮನೆಯವರು ಒಂದು ಸಲ ಮೊಬೈಲಿನಲ್ಲಿ ಚಿತ್ರೀಕರಿಸಿಟ್ಟರೆ ನನಗೆ ಬೇರೆ ಅಳತೆಯೇ ಬೇಕಾಗಿಲ್ಲ. 1,000 ಚದರ ಅಡಿಯ ಮಾಡಿನ ಮೇಲೆ 50 ಮಿ.ಮೀ. ಮಳೆ ಸುರಿದರೆ 4,600 ಲೀಟರಿನಷ್ಟು ನೀರು ಇಳಿಯುತ್ತದೆ. ಅದಕ್ಕೆ ದಾರಿ ಮಾಡದೆ ನೆಟ್ಟ ಗಿಡ ಜುಲೈ ನೋಡುವುದಿಲ್ಲ. ಗೋಡೆಯಿಂದ ಹೊರಕ್ಕೆ ಹತ್ತು ಅಡಿಗೆ ಎರಡೂವರೆ ಇಂಚಾದರೂ ಇಳಿಜಾರು ಬೇಕು.

ಹೊಸ ಮನೆಗಳಲ್ಲಿ ಇನ್ನೊಂದು ತೊಂದರೆಯಿದೆ. ಕಟ್ಟಡ ಮುಗಿದ ಮೇಲೆ ಸಿಮೆಂಟಿನ ಗಟ್ಟಿ, ಟೈಲ್ಸಿನ ಚೂರು ಎಲ್ಲವನ್ನೂ ಅಂಗಳದಲ್ಲಿಯೇ ಹರಡಿ, ಮೇಲೆ ಒಂದು ಲೋಡು ಕೆಂಪು ಮಣ್ಣು ಸುರಿದು ಸಮ ಮಾಡಿರುತ್ತಾರೆ. ಅದನ್ನು ಮೇಸ್ತ್ರಿ ಇರುವಾಗಲೇ ಸಾಗಿಸಿದರೆ ಅರ್ಧ ದಿನದ ಕೆಲಸ, ನಾನು ಬಂದ ಮೇಲೆ ಮೂರು ದಿನದ ಕೂಲಿ. ತೆಂಗಿನ ಮರಗಳಿದ್ದರೆ ಬುಡದಿಂದ 2 ಮೀಟರಿನೊಳಗೆ ಅಗೆಯಲು ಕೇಳಬೇಡಿ. ಅದರ ಚುರುಕಾದ ಬೇರುಗಳು ಬಹುಪಾಲು ಅಷ್ಟರಲ್ಲಿಯೇ ಇರುತ್ತವೆ.

ಪೆರ್ಲದ ಆ ಮನೆಯ ಕೆಲಸವನ್ನು ಅಕ್ಟೋಬರಿನಲ್ಲಿ ಮುಗಿಸಿಕೊಟ್ಟೆವು. ಯಜಮಾನರು ಕೋಲೂರಿಕೊಂಡು ಮುಂದೆ ನಡೆದರು, ನಾನು ಹಿಂದಿನಿಂದ ಸುಣ್ಣ ಉದುರಿಸುತ್ತ ಹೋದೆ. ಸುರಂಗ ಹಾದುಹೋಗುವ ಪಟ್ಟಿಯ ಮೇಲೆ ಬರಿಯ ಹುಲ್ಲು ಹಾಸಿದ್ದೇವೆ, ಮರವಿಲ್ಲ, ಕಲ್ಲಿಲ್ಲ. ಕಾರಂಜಿಯೂ ಇಲ್ಲ, ಅದಕ್ಕೆಂದು ಮಗ ತೆಗೆದಿಟ್ಟಿದ್ದ ಹಣ ಸುರಂಗದ ಹೂಳು ತೆಗೆದವರ ಕೂಲಿಗೆ ಹೋಗಿತ್ತು, ಜೆಸಿಬಿಯನ್ನು ಮೇಲೆತ್ತಿದ ಖರ್ಚು ನನ್ನ ತಲೆಗೆ ಬಂದಿತ್ತು.