‘ಎಲ್ಲಿ ಬಿದ್ದಿರಿ?’ ಎಂದು ನಾನು ಕೇಳದೆ ಬಿಟ್ಟಿದ್ದೆ

ಗಂಡಸರ ವಾರ್ಡಿನಲ್ಲಿ ರಾತ್ರಿ ಪಾಳಿಯ ನರ್ಸ್ ಆಗಿದ್ದಾಗ, ಎಪ್ಪತ್ತು ದಾಟಿದ ರೈತರೊಬ್ಬರು ತಲೆಗೆ ಹೊಲಿಗೆ ಹಾಕಿಸಿಕೊಂಡು ದಾಖಲಾದರು. ಕೇಸ್ ಶೀಟಿನಲ್ಲಿ ನಾನು ‘ಮನೆಯಲ್ಲಿ ತಲೆಸುತ್ತಿ ಬಿದ್ದಿದ್ದಾರೆ’ ಎಂದಷ್ಟೇ ಬರೆದೆ. ಇಸಿಜಿ ಸರಿಯಾಗಿತ್ತು, ಮಲಗಿಸಿ ನೋಡಿದ ಬಿ.ಪಿ. 130/80 ಇತ್ತು.

ಬೆಳಗಿನ ಜಾವ ಮೂರರ ಹೊತ್ತಿಗೆ ಶೌಚಾಲಯದಿಂದ ದೊಪ್ಪೆಂದು ಸದ್ದಾಯಿತು. ಒಳಗಿನಿಂದ ಚಿಲಕ ಹಾಕಿದ್ದರಿಂದ ಬಾಗಿಲು ತೆಗೆಸುವುದಕ್ಕೇ ಕೆಲವು ನಿಮಿಷ ಹಿಡಿಯಿತು. ಅವರು ಗೋಡೆಗೂ ಬಕೆಟ್ಟಿಗೂ ನಡುವೆ ಕುಳಿತಂತೆಯೇ ಸಿಕ್ಕಿಕೊಂಡಿದ್ದರು. ಎಚ್ಚರ ತಪ್ಪಿದವರನ್ನು ಹಾಗೆ ಕುಳ್ಳಿರಿಸಿಡುವುದು ಅಪಾಯ, ಏಕೆಂದರೆ ಮಿದುಳಿಗೆ ರಕ್ತ ಏರುವುದಿಲ್ಲ. ಹೊರಗೆಳೆದು ಅಂಗಾತ ಮಲಗಿಸಿ ಕಾಲುಗಳನ್ನು ಮೇಲೆತ್ತಿ ಹಿಡಿದೊಡನೆ ಕಣ್ತೆರೆದರು.

“ಯಜಮಾನ್ರೇ, ಮನೆಯಲ್ಲೂ ಹೀಗೇ ಆಯ್ತಾ?” ಎಂದು ಕೇಳಿದೆ.

“ಹೌದು ಸಿಸ್ಟರ್, ಉಚ್ಚೆಗೆ ನಿಂತಾಗಲೇ. ಹೆಣ್ಣುಮಕ್ಕಳ ಹತ್ರ ಅದನ್ನ ಹೆಂಗೆ ಹೇಳೋದು ಅಂತ ಸುಮ್ನಿದ್ದೆ.”

ಆ ಸಂಕೋಚವನ್ನು ಮೀರಿ ಕೇಳಬೇಕಾದವಳು ನಾನಾಗಿದ್ದೆ. ತುಂಬಿದ ಮೂತ್ರಕೋಶ ರಕ್ತದೊತ್ತಡವನ್ನು ತುಸು ಏರಿಸಿರುತ್ತದೆ. ಅದು ಒಮ್ಮೆಲೇ ಖಾಲಿಯಾದಾಗ ರಕ್ತನಾಳಗಳು ಸಡಿಲಗೊಂಡು, ಹೃದಯದ ಬಡಿತವೂ ನಿಧಾನವಾಗಿ, ಬೆಚ್ಚಗಿನ ಹಾಸಿಗೆಯಿಂದ ಆಗತಾನೇ ಎದ್ದು ನಿಂತ ವ್ಯಕ್ತಿಯ ಒತ್ತಡ ಕುಸಿಯುತ್ತದೆ. ಮದ್ಯ ಸೇವಿಸಿದ ರಾತ್ರಿ ಇದು ಇನ್ನೂ ಸುಲಭ. ನಮ್ಮ ರೋಗಿಗೆ ಪ್ರಾಸ್ಟೇಟ್ ತೊಂದರೆಗೆಂದು ವಾರದ ಹಿಂದಷ್ಟೇ ಟ್ಯಾಮ್ಸುಲೋಸಿನ್ (ನಿಂತಾಗ ಬಿ.ಪಿ. ಇಳಿಸಬಲ್ಲ ಮಾತ್ರೆ) ಆರಂಭಿಸಿದ್ದರು, ಜೊತೆಗೆ ಬಿ.ಪಿ. ಮಾತ್ರೆಯೂ ಇತ್ತು. ನಿಲ್ಲಿಸಿ ಮೂರು ನಿಮಿಷದೊಳಗೆ ಅಳೆದಾಗ ಮೇಲಿನ ಅಂಕಿ 130ರಿಂದ 98ಕ್ಕೆ ಇಳಿದಿತ್ತು. 20 ಇಳಿದರೇ ಅದನ್ನು ಗಂಭೀರವಾಗಿ ಪರಿಗಣಿಸಬೇಕು. ವೈದ್ಯರಿಗೆ ತಿಳಿಸಿದೆವು, ಅವರು ಮಾತ್ರೆಗಳನ್ನು ಬದಲಿಸಿದರು.

ಮಲವಿಸರ್ಜನೆಯ ವೇಳೆ ಬಿದ್ದವರಲ್ಲಿ ಕಾರಣ ಬೇರೆಯದೂ ಇರಬಹುದು. ಮಲಬದ್ಧತೆಯಿಂದ ಉಸಿರು ಬಿಗಿಹಿಡಿದು ತಿಣುಕಿದಾಗ ಹೃದಯಕ್ಕೆ ಮರಳುವ ರಕ್ತ ಕಡಿಮೆಯಾಗುತ್ತದೆ; ಕುಕ್ಕರಗಾಲಿನಿಂದ ಥಟ್ಟನೆ ಎದ್ದರೆ ಕುಸಿತ ಹೆಚ್ಚುತ್ತದೆ. ಆದರೆ ಡಾಂಬರಿನಂಥ ಕಪ್ಪು ಮಲವಾಗಿದೆಯೇ ಎಂದು ಕೇಳದೆ ಇಂಥವರನ್ನು ಮನೆಗೆ ಕಳುಹಿಸಬಾರದು, ಏಕೆಂದರೆ ಹೊಟ್ಟೆಯೊಳಗಿನ ರಕ್ತಸ್ರಾವವೂ ಮೊದಲು ಶೌಚಾಲಯದಲ್ಲೇ ಬೀಳಿಸಬಹುದು. ಮುನ್ಸೂಚನೆಯಿಲ್ಲದೆ ಬಿದ್ದಿದ್ದರೆ, ಎದೆನೋವು ಇದ್ದರೆ ಅಥವಾ ಮನೆತನದಲ್ಲಿ ಚಿಕ್ಕ ವಯಸ್ಸಿನ ಹಠಾತ್ ಸಾವು ಆಗಿದ್ದರೆ ಹೃದಯದ ತಪಾಸಣೆ ಆಗಲೇಬೇಕು.

ಈಗ ಬಿದ್ದು ಬಂದ ಪ್ರತಿಯೊಬ್ಬರನ್ನೂ ಎಲ್ಲಿ, ಏನು ಮಾಡುತ್ತಿದ್ದಾಗ, ಯಾವ ಹೊಸ ಮಾತ್ರೆಯ ನಂತರ ಎಂದು ಕೇಳಿ ಬರೆಯುತ್ತೇನೆ, ಬಿ.ಪಿ.ಯನ್ನು ಮಲಗಿಸಿಯೂ ನಿಲ್ಲಿಸಿಯೂ ಅಳೆಯುತ್ತೇನೆ. ರಾತ್ರಿ ಎದ್ದಾಗ ಮಂಚದ ಅಂಚಿನಲ್ಲಿ ಸ್ವಲ್ಪ ಹೊತ್ತು ಕುಳಿತಿದ್ದು, ಕುಳಿತೇ ಮೂತ್ರ ಮಾಡುವಂತೆಯೂ ಚಿಲಕ ಹಾಕದಿರುವಂತೆಯೂ ಹೇಳುತ್ತೇನೆ. ಆ ರೈತರು ಮನೆಗೆ ಹೊರಟಾಗ ಅವರ ಸೊಸೆ ನನ್ನಿಂದ ಮೂತ್ರದ ಬಾಟಲಿಯೊಂದನ್ನು ಕೇಳಿ ಪಡೆದುಕೊಂಡರು.